ಬುಗ್ಗೆಯ ಮೀನಿಗೆ ಹಿಟ್ಟಿನ ಉಂಡೆ

ಕರೋಶಿ ಊರಿನ ದಾರಿಯಲ್ಲಿರುವ ಬುಗ್ಗೆಯ ಕೊಳದ ಸುತ್ತ ಉದ್ಯಾನವಾದ ಮೇಲೆ, ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಕ್ಕಳು ಆಮೆ ಕಂಡರೆ ಕೂಗುತ್ತಾರೆ, ಹೆಂಗಸರು ನೀರಿಗೆ ಕಾಲು ಇಳಿಬಿಟ್ಟು ಹರಟುತ್ತಾರೆ. ಗಂಗೂಬಾಯಿ ಮಾತ್ರ ಡಬ್ಬಿ ತುಂಬ ಕಡಲೆಹಿಟ್ಟಿನ ಉಂಡೆ ತರುತ್ತಾರೆ. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ ಜೈನರ ಮನೆ ಅವರದು. ಮೀನಿಗೆ ಉಣಿಸಿದರೆ ಪುಣ್ಯವೆಂದು ನಂಬಿದವರು.

"ಉಂಡಿ ಹಾಕಬ್ಯಾಡ್ರಿ ಬಾಯಾರ, ಮೀನ ಸಾಯಾಕತ್ತಾವ," ಎಂದಳು ಕಾವಲಿನ ನೀಲಮ.

ಗಂಗೂಬಾಯಿಗೆ ಪಿತ್ತ ನೆತ್ತಿಗೇರಿತು. ಉಣಿಸಿದರೆ ಸಾಯುತ್ತವಂತೆ! ನೀಲಮ ಮೀನು ತಿನ್ನುವ ಮನೆಯವಳು. ಬೆಳಿಗ್ಗೆ ಮುಚ್ಚಿದ ಬಕೆಟ್ ಹಿಡಿದು ಬೇಲಿಯಾಚೆ ಹೋಗುವುದನ್ನು ಅವರು ಎರಡು ಸಲ ಕಂಡಿದ್ದರು. ಮೀನೂ ಕಡಿಮೆಯಾಗುತ್ತಿದ್ದವು. ಇನ್ನೇನು ಸಾಕ್ಷಿ ಬೇಕು?

"ಹಾಲು ಕಾಯಾಕ ಬೆಕ್ಕು ಇಟ್ಟಂಗ ಆಗೇತಿ," ಎಂದು ಗಂಡ ಭಾವುಸಾಹೇಬರಿಗೆ ಹೇಳಿದರು.

"ಸುಮ್ನ ಯಾರ್ನೂ ಕಳ್ಳಿ ಅನ್ನಬ್ಯಾಡ," ಎಂದರು ಅವರು.

ಸೋಮವಾರ ಬೆಳಿಗ್ಗೆ ಗಂಗೂಬಾಯಿ ಒಬ್ಬರೇ ಹೋಗಿ ಬೇಲಿಯ ಬಳಿ ಕಾದು ನಿಂತರು. ನೀಲಮ ಬಂದಳು, ಬಕೆಟ್ಟೂ ಬಂತು.

"ನಿಲ್ಲ ಬೇ! ಅದರಾಗ ಏನೈತಿ?"

ನೀಲಮ ಮುಚ್ಚಳ ತೆಗೆದಳು. ನಾತ ಮೂಗಿಗೆ ಬಡಿಯಿತು. ಸತ್ತ ಮೀನುಗಳು, ಜೊತೆಗೆ ಉಬ್ಬಿದ ಹಳದಿ ಹಿಟ್ಟು.

"ಹೂತ ಹಾಕಾಕ ಒಯ್ತೀನ್ರಿ. ಮೀನಿಗಿ ಬೇಕಾದ ಪಾಚಿ, ಹುಳ ನೀರಾಗಽ ಅದಾವ. ಉಳಿದ ಹಿಟ್ಟು ತಳದಾಗ ಕೊಳೀತೈತಿ, ನೀರಿನಾಗಿನ ಗಾಳಿ ಕಡಿಮಿ ಆಗತೈತಿ. ಮೀನಿಗಿ ಉಸಿರು ಸಿಗೂದಿಲ್ಲ."

"ನೀನಽ ಅದರಾಗ ಹಿಟ್ಟು ಕಲಸಿ ಇಟ್ಟಿರಬೇಕು!"

"ಹಂಗಾರ ನಿಮ್ಮ ಬಟ್ಟೀಲೆ ನೀವಽ ಸೋಸಿ ನೋಡ್ರಿ."

ಗಂಗೂಬಾಯಿ ತಾವು ಉಂಡೆ ಹಾಕುವ ಮೆಟ್ಟಿಲಿಗೇ ಇಳಿದು, ಚೀಲದಲ್ಲಿದ್ದ ಸೋಸುವ ಬಟ್ಟೆ ಹಿಡಿದು ತಳದ ನೀರು ಮೊಗೆದು ಹೊಯ್ದರು. ಬಟ್ಟೆಯ ಮೇಲೆ ಹುಳಿ ನಾತದ ಲೋಳೆ ಉಳಿಯಿತು. ಅದರಲ್ಲಿ ಉಗುರಿನಷ್ಟು ಉದ್ದದ ಮೀನುಮರಿಗಳು.

ಮನೆಯಲ್ಲಿ ಬಟ್ಟೆಗೆ ಸಿಕ್ಕ ಸಣ್ಣ ಜೀವವನ್ನೂ ಮರಳಿ ಬಾವಿಗೇ ಬಿಡುವ ಕೈ ಅದು. ಬಟ್ಟೆಯನ್ನು ಮೆಲ್ಲಗೆ ನೀರಿಗೆ ಅದ್ದಿ ಕಾದರು. ಒಂದು ಮರಿಯೂ ಈಜಲಿಲ್ಲ.

"ನಾನಽ ಕೊಂದೆನಲ್ಲವ್ವಾ! ಮೀನ ಕಾಯುವಾಕಿಗೆ ಕಳ್ಳಿ ಅಂದ್ನಿ," ಎಂದು ಅಲ್ಲೇ ಕುಳಿತು ಅತ್ತುಬಿಟ್ಟರು.

ಮುಂದಿನ ಭಾನುವಾರ ಗಂಡ ಹೆಂಡತಿ ಡಬ್ಬಿಯಿಲ್ಲದೆ ಬಂದರು. ಭಾವುಸಾಹೇಬರು ಮೊಮ್ಮಗಳು ಸ್ನೇಹಲಳಿಗೆ ಆಮೆ ತೋರಿಸಿದರು. ಗಂಗೂಬಾಯಿ ನೀಲಮಳ ಪಕ್ಕ ನಿಂತು, ಬಂದವರನ್ನೆಲ್ಲ ಸಂಶಯದಿಂದ ನೋಡುತ್ತಿದ್ದರು. "ಆ ಚೀಲದಾಗ ಏನೈತ್ರಿ? ತೋರಸ್ರಿ!"

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಬುಗ್ಗೆಗೆ ಬನ್ನಿ, ಕಾಲು ನೆನೆಸಿ, ಆಮೆ ನೋಡಿ ನಗಿ. ಉಂಡೆ, ಚುರುಮುರಿ, ಬ್ರೆಡ್ಡು ನೀರಿಗೆ ಹಾಕಬೇಡಿ. ಉಣಿಸುವ ಕೈ ಒಳ್ಳೆಯದೇ. ಆ ಕೈ ಮೊದಲು ಒಂದು ಸಲ ನೀರನ್ನು ಸೋಸಿ ನೋಡಲಿ.