ಬಂದ್ರು ಅಂದ್ರೆ

“ಬಂದ್ರು ಅಂದ್ರೆ ಸುಳ್ಳು ಹೇಳಿದ ಹಾಗಾ?”

ಫೋನ್ ಇಟ್ಟ ಜಾಹಿದಾ ಗೋಡೆಗೆ ಕೇಳಿದಳು. ಸಂಜಯನಗರದ ಆ ನೀರಿನ ಫಿಲ್ಟರ್ ರಿಪೇರಿ ಆಫೀಸಿನಲ್ಲಿ ಗಿರಾಕಿಗಳ ಫೋನ್ ಎತ್ತುವುದು ಅವಳ ಕೆಲಸ.

ಕೋಗಿಲಿನ ಗಿರಾಕಿಯೊಬ್ಬರು ಮೆಕ್ಯಾನಿಕ್ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. ಮೆಕ್ಯಾನಿಕ್ ಸಂಗಮೇಶ ಆಗಲೇ ಯಲಹಂಕ ತಲುಪಿದ್ದ. ಇನ್ನೇನು ಅವರ ಮನೆ ಸೇರುತ್ತಾನೆಂಬ ಧೈರ್ಯದಲ್ಲಿ ಜಾಹಿದಾ ‘ಹಿ ಕೇಮ್, ಮೇಡಂ’ ಎಂದಿದ್ದಳು. ಮನೆಯ ದಖ್ಖನಿ ಉರ್ದುವಿನಲ್ಲೂ ಬೀದಿಯ ಕನ್ನಡದಲ್ಲೂ, ಯಾರಾದರೂ ಕರೆದರೆ ಒಲೆ ಮುಂದಿನಿಂದಲೇ ಬಂದೆ ಎನ್ನುವುದು ರೂಢಿ. ಆ ಗಿರಾಕಿ ಬಾಗಿಲು ತೆರೆದು ನೋಡಿ, ಯಾರೂ ಕಾಣದೆ, ಸುಳ್ಳು ಹೇಳುತ್ತೀಯಾ ಎಂದು ಗದರಿದ್ದರು.

ನಮಾಜು ತಪ್ಪಿಸದ ಜಾಹಿದಾಳಿಗೆ ಆ ಮಾತು ಚುಚ್ಚಿತು. ಸಾಲದ್ದಕ್ಕೆ, ಮಾಲೀಕ ವಿಶ್ವನಾಥ ಅವಳನ್ನು ಪ್ಯಾಕಿಂಗಿನಿಂದ ಫೋನಿಗೆ ಕೂರಿಸಿದ್ದೇ ಪರೀಕ್ಷೆಗೆ. ಇಂಗ್ಲಿಷ್ ಸರಿಹೋಗದಿದ್ದರೆ ತಿಂಗಳ ಕೊನೆಗೆ ಮತ್ತೆ ಡಬ್ಬ ಕಟ್ಟಬೇಕು.

ಮಧ್ಯಾಹ್ನ, ಆಫೀಸಿನ ಲೆಕ್ಕ ಬರೆಯುವ ಸ್ನೇಹಾ ವಿಷಯ ಕೇಳಿ ನಕ್ಕಳು. “ನಮ್ಮ ‘ಬಂದೆ’ ಸಮಾಧಾನಕ್ಕೆ ಹೇಳೋದು ಅಕ್ಕ. ಅವರ ‘ಕೇಮ್’ ಕೋರ್ಟಲ್ಲಿ ಸಾಕ್ಷಿ ಹೇಳ್ದಂಗೆ. ಕಾಲು ಹೊಸ್ತಿಲಿಗೆ ತಾಗಿರಬೇಕು.”

ದಾರಿಯಲ್ಲಿದ್ದರೆ ‘ಈಸ್ ಕಮಿಂಗ್’, ಹೊರಟಾಗಿದ್ದರೆ ‘ಹ್ಯಾಸ್ ಲೆಫ್ಟ್’, ಹೊರಡಬೇಕಿದ್ದರೆ ‘ವಿಲ್ ಲೀವ್’ ಎಂದು ಹೇಳಿಕೊಟ್ಟಳು. ಜಾಹಿದಾ ಬರೆದುಕೊಳ್ಳಲಿಲ್ಲ. ತಾಯಿಯ ತಾಯಿ ನಾನಿಯ ಬಾಯಿಂದ ಪ್ರವಾದಿಯನ್ನು ಹೊಗಳುವ ನಾತ್ ಹಾಡುಗಳನ್ನು ಕೇಳಿ ಕೇಳಿಯೇ ಕಲಿತವಳು, ಇವನ್ನೂ ಬಸ್ಸಿನಲ್ಲಿ, ಪಾತ್ರೆ ತೊಳೆಯುತ್ತ, ಸಣ್ಣ ರಾಗದಲ್ಲಿ ಹೇಳಿಕೊಂಡಳು. ಗಂಡ ಮಂಜೂರ್ ಊಟಕ್ಕೆ ಕರೆದಾಗ ‘ಐ ಆಮ್ ಕಮಿಂಗ್’ ಎಂದಳು. ಲಂಡನ್ನಿಂದಲಾ, ಅನ್ನ ಆರಿಹೋಗುತ್ತದೆ ಎಂದು ಅವನು ಕಾಡಿದ. ಕೂತಮೇಲೆ ‘ಐ ಹ್ಯಾವ್ ಕಮ್’ ಎಂದು ಅದನ್ನೂ ಸರಿಯಾಗಿ ಮುಗಿಸಿದಳು. ಬೇಡವೆಂದರೂ ಅವಳ ಮುಖ ಅರಳಿತು.

ತಿಂಗಳ ಕೊನೆಯ ದಿನ ವಿದ್ಯಾರಣ್ಯಪುರದಿಂದ ಫೋನ್ ಬಂತು. ವಿಶ್ವನಾಥ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ನಿಮ್ಮವರು ಹೊರಟರಾ, ಇಲ್ಲವಾದರೆ ಬೇರೆಯವರನ್ನು ಕರೆಸುತ್ತೇನೆ ಎಂದರು ಆ ಕಡೆಯವರು. ಸಂಗಮೇಶ ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದ. ಜಾಹಿದಾ ಬಾಯಿ ತೆರೆಯುವಷ್ಟರಲ್ಲಿ ವಿಶ್ವನಾಥ ರಿಸೀವರಿಗೆ ಕೈ ಅಡ್ಡ ಇಟ್ಟ.

“ಹ್ಯಾಸ್ ಲೆಫ್ಟ್ ಅಂದ್ಬಿಡಮ್ಮ, ಎಲ್ರೂ ಹೇಳ್ತಾರೆ. ಇದೊಂದು ಹೇಳು, ಈ ಫೋನಿನ ಸೀಟು ನಿಂದೇ.”

“ತಿಂಗಳ ಮೊದಲಾಗಿದ್ರೆ ಹೇಳ್ತಿದ್ದೆ ಸಾರ್, ಆಗ ಅದು ಸುಳ್ಳು ಅಂತ ಗೊತ್ತಿರ್ಲಿಲ್ಲ. ಈಗ ಗೊತ್ತು. ಹೇಳಲ್ಲ.”