ಕಪಾಟಿನೊಳಗೆ ಕೂತವಳು

ನಾನು ಒಂದು ಬಟ್ಟೆಯ ಗೊಂಬೆ. ಹುಬ್ಬಳ್ಳಿಯ ಒಬ್ಬ ತಾಯಿ ಅನ್ನದ ಎಸರು ಕುದಿಯುವಷ್ಟರಲ್ಲಿ ನನ್ನ ತೋಳು ಹೊಲಿದಳು, ಬಟ್ಟೆ ಒಣಹಾಕಿ ಬಂದು ಕಾಲು ಹೊಲಿದಳು. ಮುಖಕ್ಕೆ ಬಂದಾಗ ಸೂಜಿ ನಿಂತಿತು.

"ಕಣ್ಣು, ಬಾಯಿ ಬ್ಯಾಡ್ರಿ. ಅವನ್ನ ಮಕ್ಕಳು ಮನಸ್ಸಿನ್ಯಾಗ ಹಚ್ಚಿಕೋತಾವ" ಎಂದು ಮಂದಾಕಿನಿ ಮೇಡಂ ಹೇಳಿ ಕಳಿಸಿದ್ದರು. ಅವರು ಶಾಲೆಯ ಮನಶ್ಶಾಸ್ತ್ರಜ್ಞೆ.

ಮೇಡಂ ಮಕ್ಕಳನ್ನು ನೇರವಾಗಿ ಏನೂ ಕೇಳುತ್ತಿರಲಿಲ್ಲ. ನನ್ನನ್ನು ಅವರ ತೊಡೆಯ ಮೇಲಿಟ್ಟು, "ಗೊಂಬಿಗೆ ಯಾಕ ಸಿಟ್ಟು ಬಂದೈತಿ?" ಎನ್ನುತ್ತಿದ್ದರು. ಗಣಿತಕ್ಕೆ ಅಂಜುವವನು ನನ್ನನ್ನು ಹೊಡೆದ. ಅಜ್ಜಿಯನ್ನು ಕಳಕೊಂಡವಳು ನನ್ನನ್ನು ಮಲಗಿಸಿ ಚಾದರ ಹೊದಿಸಿದಳು. ಎಲ್ಲರ ನೋವೂ ನನ್ನ ಹತ್ತಿಯೊಳಗೆ ಇಳಿಯಿತು.

ಆಮೇಲೆ ಶಿವಲೀಲಾ ಬಂದಳು. ಎರಡನೇ ತರಗತಿ. ಜೂನ್‌ನಿಂದ ಶಾಲೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಪ್ರತಿ ಗುರುವಾರ ನನ್ನನ್ನು ಕೋಣೆಯ ಕಪಾಟಿನೊಳಗೆ ಕೂರಿಸಿ ಬಾಗಿಲು ಮುಚ್ಚುವಳು. ಕತ್ತಲಾಗುವುದು. ಹೊರಗಿನಿಂದ ಮೂರು ಸಲ ಬಡಿಯುವಳು. ಆಮೇಲೆ ಮರಕ್ಕೆ ಒತ್ತಿದ ಅವಳ ಕಿವಿ, ಅವಳ ಉಸಿರು. ನನ್ನಿಂದ ಏನನ್ನೋ ನಿರೀಕ್ಷಿಸುತ್ತಿದ್ದಳು. ನನ್ನ ಕೈಯೋ ಬರೀ ಹತ್ತಿ.

ಮೇಡಂ ಅವಸರ ಮಾಡಲಿಲ್ಲ. ಎಷ್ಟು ಸಲ ಬಡಿದಳು, ಎಷ್ಟು ಹೊತ್ತು ಕಿವಿಗೊಟ್ಟಳು ಎಂದು ಬರೆದಿಟ್ಟುಕೊಂಡರು.

ತಪ್ಪು ಮಾಡಿದವಳು ಆಯಾ ಗೌರವ್ವ, ಅದೂ ಕರುಣೆಯಿಂದ. "ಮಕಾ ಇಲ್ಲದ ಗೊಂಬಿ ನೋಡಿ ಕೂಸುಗೋಳು ಅಂಜದ ಇರ್ತಾವೇನು?" ಎಂದು ಗೊಣಗುತ್ತ, ಬುಧವಾರ ಸಂಜೆ ಕೆಂಪು ದಾರದಲ್ಲಿ ನನಗೊಂದು ನಗುವ ಬಾಯಿ ಹೊಲಿದಳು.

ಮರುದಿನ ಶಿವಲೀಲಾ ಬಡಿದಳು, ಕಾದಳು, ಬಾಗಿಲು ತೆರೆದಳು. ಕತ್ತಲಲ್ಲಿ ನಗುತ್ತ ಕೂತ ನನ್ನನ್ನು ಕಂಡು ಕಿರುಚಿದಳು.

"ಒಳಗ ಕುಂತಾಕಿ ನಗೂದಿಲ್ಲ!"

ನನ್ನ ಬಾಯಿಯ ದಾರವನ್ನು ಹಲ್ಲಿನಿಂದ ಕಿತ್ತಳು. ಮೇಡಂ ನೆಲದ ಮೇಲೆ ಕೂತರು. ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಗೊಂಬವ್ವಾ, ಒಳಗ ಯಾರು ಕುಂತಾರ?"

ಶಿವಲೀಲಾ ನನ್ನನ್ನು ಮುಖಕ್ಕೆ ಅಡ್ಡ ಹಿಡಿದಳು. ನನ್ನ ತಲೆಯ ಹಿಂದಿನಿಂದ ಎಳೆ ದನಿಯೊಂದು ಬಂತು. "ನನ್ನ ತಂಗಿ ಪುಟ್ಟಿ. ಆಕಿ ಅತ್ತರ ಬಾಜೂಮನಿ ಕಾಕು ಕಪಾಟಿನ್ಯಾಗ ಹಾಕಿ ಕೀಲಿ ಹಾಕತಾಳ. ಯಾರಿಗರೆ ಹೇಳಿದ್ರ ತೆಗಿಯೂದ ಇಲ್ಲಂತ."

ಅವ್ವ, ಅಪ್ಪ ಇಬ್ಬರೂ ಜವಳಿ ಅಂಗಡಿಗೆ ದುಡಿಯಲು ಹೋಗುವವರು. ನಾಲ್ಕು ವರ್ಷದ ಪುಟ್ಟಿಯನ್ನು ನಂಬಿ ಬಿಡುತ್ತಿದ್ದುದು ಪಕ್ಕದ ಮನೆಯ ಆ ಹೆಂಗಸಿನ ಬಳಿ.

"ನೀ ಏನ ಮಾಡ್ತೀ?"

"ಸಾಲಿ ಬಿಟ್ಟಮ್ಯಾಲ ಹೋಗಿ ಮೂರು ಸಲ ಬಡೀತೀನಿ. ಆಕೀನೂ ಮೂರು ಸಲ ಬಡೀತಾಳ."

"ನಿನ್ನೆ?"

"ಒಂದ ಸಲ ಬಡದ್ಲು."

ಮೇಡಂ ಎದ್ದರು. ಮಕ್ಕಳ ಸಹಾಯವಾಣಿಗೆ, ಅವ್ವನ ಅಂಗಡಿಗೆ ಫೋನ್ ಮಾಡಿದರು. ಆಮೇಲೆ ಶಿವಲೀಲಾಳ ಪಕ್ಕ ಬಂದು ಕೂತರು. ಅವಳು ಖಾಲಿ ಕಪಾಟನ್ನು ಬಡಿಯುತ್ತಲೇ ಇದ್ದಳು, ಮೂರು ಮೂರು ಸಲ. ಬಾಗಿಲಲ್ಲಿ ಗೌರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. ಮೇಡಂ ಕೇಳಿಸಿಕೊಂಡು ಶಿವಲೀಲಾಳತ್ತ ತಿರುಗಿದರು.

"ಸಿಕ್ಕಾಳವಾ. ಅವ್ವನ ತೊಡೀಮ್ಯಾಲ ಅದಾಳ."

ಶಿವಲೀಲಾ ನನ್ನನ್ನು ಕೆಳಗಿಟ್ಟು ತನ್ನ ದನಿಯಲ್ಲೇ ಕೇಳಿದಳು: "ನೀರು ಕುಡದ್ಲಾ?"

"ಕುಡದ್ಲು. ಎರಡು ಲೋಟ."

ಮರುದಿನವೇ ಮೇಡಂ ಬಡಿಗನನ್ನು ಕರೆಸಿ ಕಪಾಟಿನ ಬಾಗಿಲನ್ನೇ ಕಳಚಿಸಿದರು.

ಈಗ ನನ್ನ ಹತ್ತಿ ಗಂಟುಗಟ್ಟಿದೆ, ಒಂದು ತೋಳು ಸಡಿಲ. ಬಾಗಿಲಿಲ್ಲದ ಆ ಕಪಾಟಿನ ಮೇಲೆಯೇ ನನ್ನ ಮುಪ್ಪು. ಬರುವ ಮಕ್ಕಳಿಗೆ ಹಳೆಯ ಕತೆ ಯಾರೂ ಹೇಳಿಲ್ಲ. ಹೆಚ್ಚಿನವರು ಓಡಿಬಂದು ಕೂರುತ್ತಾರೆ. ಆದರೆ ಯಾವಾಗಲೋ ಒಂದು ಮಗು ಹೊಸ್ತಿಲಲ್ಲೇ ನಿಲ್ಲುತ್ತದೆ. ಬಗ್ಗಿ ಖಾಲಿ ಕಪಾಟಿನೊಳಗೆ ನೋಡುತ್ತದೆ. ಆಮೇಲೆ ಅದಕ್ಕೆ ಬೆನ್ನು ಮಾಡದೆ, ಗೋಡೆಗೆ ಒತ್ತಿ ಕೂರುತ್ತದೆ.

ಮೇಡಂ ಕೈಚಾಚಿ ನನ್ನನ್ನು ಕೆಳಗಿಳಿಸಿ ಆ ಮಗುವಿನ ತೊಡೆಯ ಮೇಲಿಡುತ್ತಾರೆ.