ಒಂದೇ ಮನೆಗೆ ಎರಡು ಆಮಂತ್ರಣ

ತ್ರಿವೇಣಿ ಬ್ಯಾಂಕಿಗೆ ಸಂಬಳವಿಲ್ಲದ ರಜೆ ಹಾಕಿ ಇಮೇಲ್ ಕಳಿಸುವ ಕಂಪನಿ ತೆಗೆದಳು ಎಂದಾಗ ಪುಣೆಯ ಕನ್ನಡ ಬಳಗಕ್ಕೆ ಆಡಿಕೊಳ್ಳಲು ಒಳ್ಳೆಯ ವಿಷಯ ಸಿಕ್ಕಿತು. ಕಂಪನಿ ಎಂದರೇನು ಮಹಾ! ಕರ್ವೆ ನಗರದ ಮನೆಯ ಹಿಂದಿನ ಕೋಣೆ, ಒಂದು ಕಂಪ್ಯೂಟರು, ಕಟಕಟ ಎನ್ನುವ ಒಂದು ಫ್ಯಾನು. ಆ ಫ್ಯಾನೂ ಅವಳ ಅಪ್ಪ ರಾಮಲಿಂಗಪ್ಪನವರದು. ಅವರು ದೌಂಡ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತ ಕೊಡುತ್ತಲೇ ನಿವೃತ್ತರಾದವರು. ಕಾಯಂ ನೌಕರಿ ಎಂದರೆ ಅವರಿಗೆ ದೇವರ ಪ್ರಸಾದ.

"ಮಂದಿ ನೌಕರಿ ಸಿಗವಲ್ದು ಅಂತ ಅಳತಾರ. ನೀ ಸಿಕ್ಕಿದ್ದನ್ನ ಒದ್ದು ಬಂದು ಮೂಲ್ಯಾಗ ಕುಂತೀದಿ," ಎಂದು ದಿನಾ ಬೆಳಗ್ಗೆ ಚಹಾದ ಜೊತೆಗೆ ಬಡಿಸುತ್ತಿದ್ದರು. ರಜೆ ಮುಗಿಯುತ್ತ ಬಂದಾಗ ಕಡೆಗೊಂದು ಮಾತಾಯಿತು. ಬಳಗದ ವಧು-ವರ ಸಮಾವೇಶಕ್ಕೆ ಮಂದಿಯನ್ನು ಕರೆಯುವ ಕೆಲಸ ತ್ರಿವೇಣಿಗೆ ಬಂದಿತ್ತು. "ಮಂದಿ ಬಂದು, ನಕ್ಕೊಂತ ಮಾತಾಡಿದ್ರ ನಾ ತುಟಿ ಪಿಟಕ್ ಅನ್ನೂದಿಲ್ಲ. ಹ್ವಾದ ವರ್ಷದಂಗ ಆತಂದ್ರ ಸೋಮವಾರ ಬ್ಯಾಂಕಿಗೆ ನಡಿ."

"ಆಗ್ಲಿ ಅಪ್ಪಾ," ಎಂದಳು.

ಹೋದ ವರ್ಷದ ಕತೆ ಕೇಳಬೇಡಿ. ಹಿರಿಯರು ಮುಂದಿನ ಸಾಲಿನಲ್ಲಿ ಕೂತು ಮಕ್ಕಳ ಪಗಾರ ವಿಚಾರಿಸಿದರು. ಮಕ್ಕಳು ಹಿಂದಿನ ಸಾಲಿನಲ್ಲಿ ಪರೀಕ್ಷೆಗೆ ಬಂದವರ ಹಾಗೆ ಬೆರಳು ನೋಡುತ್ತ ಕೂತರು. ಮದುವೆ ಕೂಡಿಬಂದದ್ದು ಒಂದೇ, ಅದೂ ಅಡುಗೆಯವರದು.

ಈ ಸಲ ಬೇರೆ ಮಾಡಬೇಕೆಂದು ತ್ರಿವೇಣಿ ಮೊದಲು ಒಂದು ಪುಟ್ಟ ಇಮೇಲ್ ಕಳಿಸಿ, ಯಾರು ಯಾವ ಯಂತ್ರದಲ್ಲಿ, ಯಾವ ಬ್ರೌಸರಿನಲ್ಲಿ ತೆರೆಯುತ್ತಾರೆ ಎಂದು ನೋಡಿದಳು. ಒಂದೊಂದು ವಿಳಾಸವೂ ಎರಡೆರಡು ಬ್ರೌಸರಿನಲ್ಲಿ ತೆರೆದಿತ್ತು! ನಮ್ಮ ಜನ ಅಲ್ಲವೇ? ಮನೆಗೊಂದು ಗ್ಯಾಸಿನ ಒಲೆಯಿದ್ದಂತೆ ಮನೆಗೊಂದೇ ಇಮೇಲ್; ಪಾಸ್‌ವರ್ಡ್ ಅಜ್ಜಿಗೂ ಗೊತ್ತು. ಅಪ್ಪನೂ ಮಗಳೂ ಅದೇ ಪತ್ರ ಓದುತ್ತಾರೆ. ಅಪ್ಪನಿಗೆ ಹಿಡಿಸುವ ಪತ್ರ ಮಗಳಿಗೆ ಹಿಡಿಸೀತು ಹೇಗೆ?

ಅವಳಿಗೆ ಒಂದು ಉಪಾಯ ಹೊಳೆಯಿತು. ಹಳೆಯ ಕಂಪ್ಯೂಟರುಗಳಲ್ಲಿ ಕನ್ನಡದ ಅಕ್ಷರ ಬರೀ ಚೌಕಚೌಕವಾಗಿ ಕಾಣುತ್ತಿದ್ದ ಕಾಲ ಅದು, ಎರಡು ಸಾವಿರದ ಎಂಟು. ಹಾಗಾಗಿ ಆಮಂತ್ರಣವನ್ನು ಹೇಗೂ ಚಿತ್ರ ಮಾಡಿಯೇ ಕಳಿಸಬೇಕು. ಪತ್ರ ತೆರೆದಾಗಲೆಲ್ಲ ಚಿತ್ರ ಅವಳ ಕಂಪ್ಯೂಟರಿನಿಂದಲೇ ಹೋಗುವುದರಿಂದ, ತೆರೆದ ಬ್ರೌಸರ್ ನೋಡಿ ಒಬ್ಬೊಬ್ಬರಿಗೆ ಒಂದೊಂದು ಚಿತ್ರ ತೋರಿಸಬಹುದು. ಹಳೆಯ ಬ್ರೌಸರ್ ಎಂದರೆ ಹಿರಿಯರು; ಹೊಸ ಬ್ರೌಸರ್, ಮೊಬೈಲು ಎಂದರೆ ಹುಡುಗರು. ಅಷ್ಟೇ ತಾನೆ!

ಹಿರಿಯರ ಚಿತ್ರಕ್ಕೆ ಕುಂಕುಮದ ಬಣ್ಣದ ಅಂಚು. 'ಜಾತಕದೊಂದಿಗೆ, ಸಾಂಪ್ರದಾಯಿಕ ಉಡುಪಿನಲ್ಲಿ ಆಗಮಿಸಬೇಕಾಗಿ ವಿನಂತಿ.' ಹುಡುಗರ ಚಿತ್ರದ ಮಾತೇ ಬೇರೆ. 'ಗೆಳೆಯರೇ, ಈ ಪತ್ರದ ಸುದ್ದಿ ಅಪ್ಪ-ಅವ್ವಗೆ ಹೇಳಬೇಡಿ. ಜಾತಕ ಬೇಡ. ಇಷ್ಟವಾದ ಬಟ್ಟೆ ಹಾಕಿಕೊಂಡು ಬನ್ನಿ. ಗಿರ್ಮಿಟ್ ಇದೆ, ಮಿರ್ಚಿ ಭಜಿ ಇದೆ. ಮನೆಯಲ್ಲಿ ಎಂದೂ ಹೇಳದ ಒಂದು ಮಾತನ್ನು ಇಲ್ಲಿ ಹೇಳಿ. ಯಾರೂ ಬೈಯುವುದಿಲ್ಲ.'

ಕಳಿಸಿ ಕೈ ಝಾಡಿಸಿಕೊಂಡಳು. ಆ ವಾರ ಅಪ್ಪ ಯಾಕೋ ಬೈಯುವುದನ್ನು ಮರೆತು, ಕನ್ನಡಿಯ ಮುಂದೆ ನಿಂತು ಗೊಣಗುಟ್ಟುತ್ತಿದ್ದರು. ಲಕ್ಷ್ಮೀ ರೋಡಿಗೆ ಹೋಗಿ ಒಂದು ಹೂವಿನ ಅಂಗಿ ತಂದರು. ಬಿಸಿಲಿಗಿರಬೇಕು ಎಂದುಕೊಂಡಳು ತ್ರಿವೇಣಿ.

ಭಾನುವಾರ ಮಂಗಲ ಕಾರ್ಯಾಲಯದ, ಅಂದರೆ ಪುಣೆಯ ಕಲ್ಯಾಣ ಮಂಟಪದ, ಬಾಗಿಲಲ್ಲಿ ನಿಂತವಳಿಗೆ ಮೊದಲು ಕಂಡದ್ದು ಹುಡುಗಿಯರು. ಭಾರೀ ಇಳಕಲ್ ಸೀರೆ, ತಲೆತುಂಬ ಮಲ್ಲಿಗೆ, ಎದೆಗೆ ಅವಚಿದ ಜಾತಕ. ಅವರ ಹಿಂದೆ ಕತ್ತಿನ ತನಕ ಗುಂಡಿ ಹಾಕಿಕೊಂಡು ಬೆವರುವ ಹುಡುಗರು. ಇದೇನಪ್ಪ ಎನ್ನುವಷ್ಟರಲ್ಲಿ ಬಂದವರು ಬಳಗದ ಅಧ್ಯಕ್ಷ ಫಕೀರಪ್ಪನವರು. ಎಂದೂ ಕೋಟು ಬಿಚ್ಚದ ಮನುಷ್ಯ, ವಾಕಿಂಗಿನ ಬೂಟು, ನೀಲಿ ಟೀ ಶರ್ಟು! ಅವರ ಹಿಂದೆ ಹೂವಿನ ಅಂಗಿಯ ಅಪ್ಪ.

ಅಯ್ಯಯ್ಯೋ! ತ್ರಿವೇಣಿಗೆ ಆಗ ಬೆಳಕಾಯಿತು. ಹುಡುಗರ ಚಿತ್ರ ಹಿರಿಯರಿಗೆ, ಹಿರಿಯರದು ಹುಡುಗರಿಗೆ ಹೋಗಿತ್ತು. ಬ್ಯಾಂಕು, ಕಚೇರಿಗಳಲ್ಲಿ ಹುಡುಗರ ಮುಂದಿರುವುದು ಯಾವ ಕಾಲದ್ದೋ ಬ್ರೌಸರು. ಬದಲಿಸಲು ಸಾಹೇಬರ ಅಪ್ಪಣೆಯಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಹೊಸದು ಯಾರು ಹಾಕಿದ್ದು? ಅಪ್ಪ ಏನೇನೋ ಒತ್ತಿ ವೈರಸ್ ತರುತ್ತಾರೆ ಎಂದು ಪುಣೆಯ ಮಕ್ಕಳೆಲ್ಲ ಹಾಕಿಕೊಟ್ಟಿದ್ದರು. ಇವಳೂ ಹಾಕಿಕೊಟ್ಟಿದ್ದಳು. ಬ್ಯಾಂಕಿನಲ್ಲಿ ಆ ಹಳೆಯ ಬ್ರೌಸರಿಗೆ ದಿನಾ ಶಾಪ ಹಾಕಿದವಳಿಗೆ ಇಷ್ಟು ತಲೆಗೆ ಹೋಗಬಾರದೇ? ಮುಗಿಯಿತು, ಸೋಮವಾರ ಬ್ಯಾಂಕು. ಭಜಿ ಕರಿಯುತ್ತಿದ್ದ ಗೌರಾಬಾಯಿಯ ಹಿಂದೆ ಹೋಗಿ ಅಡಗಿಕೊಂಡಳು.

ಸಭೆಯಲ್ಲಿ ಸರಿಯಾದ ಆಮಂತ್ರಣ ತಲುಪಿದ ಹುಡುಗ ಒಬ್ಬನೇ, ಮೊಬೈಲಿನಲ್ಲಿ ನೋಡಿದ ಶಿವಪ್ರಕಾಶ. ಜೀನ್ಸ್ ಹಾಕಿಕೊಂಡು ಬಂದವನು ರೇಷ್ಮೆಯ ನಡುವೆ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಕಡೆಗೆ ತನ್ನ ಹಾಗೆ ಕಂಡ ಫಕೀರಪ್ಪನವರನ್ನೇ ಕೇಳಿದ: "ಕಾಕಾ, ಮನ್ಯಾಗ ಹೇಳದ ಮಾತು ಹೇಳಬೇಕಂತಲ್ರಿ, ನೀವು ಏನ್ ಹೇಳಾವ್ರು?"

ಫಕೀರಪ್ಪನವರು ಅದಕ್ಕೇ ಕಾದಿದ್ದವರಂತೆ ಎದ್ದರು. "ನೋಡ್ರಿ, ನನಗ ಬದನಿಕಾಯಿ ಎಣ್ಣಿಗಾಯಿ ಸೇರೂದಿಲ್ಲ. ಲಗ್ನದ ಮರುದಿನ ಚಲೋ ಆಗೇದ ಅಂತ ಬಾಯಿ ತಪ್ಪಿ ಅಂದೆ. ಮೂವತ್ತೈದು ವರ್ಷದಿಂದ ಹಾಕ್ಲಿಕ್ಕೆ ಹತ್ಯಾಳ."

ಹೆಂಡತಿ ಎಲ್ಲರೆದುರು ಹಣೆ ಬಡಿದುಕೊಂಡರು. "ಅಯ್ಯ ನಿಮ್ಮ! ನನಗರ ಎಲ್ಲಿ ಸೇರ್ತದ? ನಿಮ್ಮ ಸಲುವಾಗಿ ಮಾಡ್ತೀನಲ್ರೀ!"

ಕಾರ್ಯಾಲಯ ನಗೆಯಲ್ಲಿ ಮುಳುಗಿತು. ಇನ್ನೊಬ್ಬರು ಎದ್ದು ಈಜು ಬರುತ್ತದೆಂದು ಮಾವನಿಗೆ ಹೇಳಿದ್ದು ಸುಳ್ಳೆಂದರು. ಯಾರದೋ ಅವ್ವ, ಪೂಜೆಯ ಹೆಸರಲ್ಲಿ ಬಾಗಿಲು ಹಾಕಿಕೊಂಡು ನಿದ್ದೆ ಮಾಡುತ್ತೇನೆಂದರು. ಹುಡುಗರು ಜಾತಕವನ್ನು ಬೀಸಣಿಗೆ ಮಾಡಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು, ಆಮೇಲೆ ತಾವೂ ಎದ್ದರು, ಆಮೇಲೆ ತಮ್ಮತಮ್ಮಲ್ಲೇ ಮಾತಿಗಿಳಿದರು. ಯಾರು ಯಾವ ಸಾಲಿನಲ್ಲಿದ್ದಾರೆ ಎಂದು ಕೇಳುವವರೇ ಇಲ್ಲ. ತ್ರಿವೇಣಿ ಗೌರಾಬಾಯಿಯ ಹಿಂದಿನಿಂದ ಮೆಲ್ಲಗೆ ಹೊರಗೆ ಬಂದಳು.

ಆಗ ಎದ್ದರು ರಾಮಲಿಂಗಪ್ಪ. ಹೂವಿನ ಅಂಗಿಯ ಚುಂಗು ಜಗ್ಗಿಕೊಂಡರು.

"ಪೆನ್ಶನ್ ಕೆಲಸ ಅದ ಅಂತ ನಾ ವಾರಾ ವಾರಾ ದೌಂಡಕ್ಕ ಹೋಗ್ತೀನಿ. ಕೆಲಸ ಏನೂ ಇರೂದಿಲ್ಲ. ಪ್ಲಾಟ್‌ಫಾರ್ಮಿನ ಮ್ಯಾಲೆ ಹಳೇ ಮಂದಿನ್ನ ಕೂಡಿಸಿಕೊಂಡು, ನನ್ನ ಮಗಳು ಕಂಪನಿ ತಗದಾಳ, ಒಂದು ಗುಂಡಿ ಒತ್ತಿದ್ರ ಊರ ತುಂಬ ಕಾಗದ ಹೋಗ್ತಾವ ಅಂತ ಹೇಳ್ಕೊಂತ ಕೂಡ್ತೀನಿ. ಮನಿಗೆ ಬಂದು ಬೈತೀನಿ." ಮಗಳ ಕಡೆ ತಿರುಗಿದರು. "ಕಲಿಸಿದವ್ರು ಯಾರೂ ಇಲ್ಲ ನೋಡ್ರಿ, ಹೊಗಳೂದು. ಸೋಮವಾರ ಆಕಿ ಜೋಡಿ ನಾನೂ ಬ್ಯಾಂಕಿಗೆ ಹೋಗ್ತೀನಿ. ರಾಜೀನಾಮೆ ಕೊಡಸ್ತೀನಿ."

ತ್ರಿವೇಣಿಗೆ ಅಳುವೋ ನಗುವೋ ತಿಳಿಯಲಿಲ್ಲ; ಎರಡೂ ಬಂದವು. ಗಿರ್ಮಿಟ್ಟಿನ ತಟ್ಟೆ ಹಿಡಿದು ಅಪ್ಪನ ಪಕ್ಕ ಕೂತಳು. ಸುಳ್ಳು ಹೇಳಿ ಗೆಲ್ಲಲು ಮನಸ್ಸು ಬರಲಿಲ್ಲ.

"ಅಪ್ಪಾ, ಆ ಕಾಗದ ನಿಮಗ ಬರ್ದದ್ದಲ್ಲ. ಹುಡುಗರಿಗೆ ಬರ್ದದ್ದು, ನಾ ತಪ್ಪು ಮಾಡಿ ನಿಮಗ ಬಂತು."

"ಗೊತ್ತದ," ಎಂದರು ರಾಮಲಿಂಗಪ್ಪ, ಭಜಿ ಮುರಿಯುತ್ತ. "ಅಪ್ಪ-ಅವ್ವಗ ಹೇಳಬ್ಯಾಡ್ರಿ ಅಂತ ಇತ್ತಲ್ಲ. ನಮ್ಮಪ್ಪ ಹೋಗಿ ಇಪ್ಪತ್ತು ವರ್ಷ ಆತು, ನಾ ಯಾರಿಗೆ ಹೇಳ್ಲಿ? ಆದ್ರ ಗೆಳೆಯರೇ, ಬರ್ರಿ, ಯಾರೂ ಬೈಯೂದಿಲ್ಲ ಅಂತ ನನ್ನ ಯಾರೂ ಕರದಿದ್ದಿಲ್ಲ ನೋಡವ್ವಾ. ಅದಕ್ಕ ಬಂದೆ."